ಆಮೆಗಾಗಿ ನಿದ್ದೆಗೆಡುವ ಮಂದಿ

“ಹೆಣ್ಣು ಮಗು ರಾತ್ರಿಯಿಡೀ ಕಡಲ ಬದಿಯಲ್ಲಿ ಯಾಕೆ ನಡೆಯಬೇಕು? ಅದೂ ಆಮೆ ಹುಡುಕಿಕೊಂಡು!”

ಕೆಲವು ವರ್ಷಗಳ ಹಿಂದೆ ನನ್ನ ತಂಗಿ ಫೋನಿನಲ್ಲಿ ಹೀಗೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಮಗಳು ಚೆನ್ನೈಯ ಕಾಲೇಜೊಂದರಲ್ಲಿ ಓದುತ್ತಿದ್ದಳು. ಜನವರಿ ತಿಂಗಳಿಂದ ವಾರದ ಕೊನೆಗೆ ಹಾಸ್ಟೆಲಿನ ವಾರ್ಡನ್‌ರಿಂದ ಅನುಮತಿ ಪತ್ರ ತೆಗೆದುಕೊಂಡು ಗೆಳತಿಯರೊಡನೆ ಕಡಲತೀರಕ್ಕೆ ಹೋಗುತ್ತಾಳೆ, ಬೆಳಗಿನ ಜಾವಕ್ಕೆ ಮರಳುತ್ತಾಳೆ ಎಂಬ ಸುದ್ದಿ ತಾಯಿಗೆ ತಲುಪಿತ್ತು. ಆ ಫೆಬ್ರವರಿಯಲ್ಲಿ ನನಗೂ ಚೆನ್ನೈಯಲ್ಲಿ ಒಂದು ಕೆಲಸವಿತ್ತು. “ನೀನೇ ಒಮ್ಮೆ ನೋಡಿಕೊಂಡು ಬಾ” ಎಂದು ತಂಗಿ ನನ್ನ ಮೇಲೆ ಜವಾಬ್ದಾರಿ ಹಾಕಿದಳು. ಹೀಗೆ ನಾನೊಂದು ಶುಕ್ರವಾರ ರಾತ್ರಿ ಹನ್ನೊಂದು ಗಂಟೆಗೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಚೆನ್ನೈಯ ದಕ್ಷಿಣದ ನೀಲಾಂಕರೈ ಎಂಬಲ್ಲಿ ಮರಳಿನ ಮೇಲೆ ಕುಳಿತಿದ್ದೆ.

ನಾನು ಊಹಿಸಿದಂತೆ ಅದು ಹುಡುಗರ ಮೋಜಿನ ಕೂಟವಾಗಿರಲಿಲ್ಲ. ಸುಮಾರು ಮೂವತ್ತು ಮಂದಿ ಸೇರಿದ್ದರು. ಕಾಲೇಜಿನ ಮಕ್ಕಳು, ಸಾಫ್ಟ್‌ವೇರ್ ಕಂಪೆನಿಯ ನೌಕರರು, ಇಬ್ಬರು ಮಕ್ಕಳನ್ನು ಕರೆತಂದ ದಂಪತಿ, ಒಬ್ಬರು ನಿವೃತ್ತ ಅಧ್ಯಾಪಕರು. ನಡಿಗೆಯ ಮುಂದಾಳು ಇನ್ನೂ ಇಪ್ಪತ್ತರ ಹುಡುಗ. ಅವನು ಮೊದಲು ಅರ್ಧ ಗಂಟೆ ಪಾಠ ಮಾಡಿದ. ಟಾರ್ಚ್ ಉರಿಸಬಾರದು. ಕ್ಯಾಮೆರಾದ ಫ್ಲ್ಯಾಶ್ ಬೇಡ. ಗಲಾಟೆ ಬೇಡ. ಆಮೆ ಕಂಡರೆ ಅದು ಮೊಟ್ಟೆಯಿಡಲು ಶುರುಮಾಡುವ ತನಕ ಯಾರೂ ಹತ್ತಿರ ಹೋಗುವಂತಿಲ್ಲ. ಅಲ್ಲಿಂದ ಉತ್ತರಕ್ಕೆ ಪಾಲವಾಕ್ಕಂ, ಕೊಟ್ಟಿವಾಕ್ಕಂ, ತಿರುವಾನ್ಮಿಯೂರು ದಾಟಿ ಬೆಸೆಂಟ್ ನಗರದ ತನಕ ಸುಮಾರು ಏಳು ಕಿಲೋಮೀಟರ್ ನಡೆಯಬೇಕು. ಒಣ ಮರಳಿನಲ್ಲಿ ಏಳು ಕಿಲೋಮೀಟರ್ ಎಂದರೆ ಡಾಂಬರು ರಸ್ತೆಯ ಹದಿನಾಲ್ಕಕ್ಕೆ ಸಮ ಎಂಬುದು ನನ್ನ ಮೊಣಕಾಲಿಗೆ ಬೇಗನೆ ಅರ್ಥವಾಯಿತು.

“ಮಾಮಾ, ನೀವು ಅಲೆ ಮುಟ್ಟುವಲ್ಲಿ ನಡೆಯಿರಿ, ಅಲ್ಲಿ ಮರಳು ಗಟ್ಟಿ” ಎಂದು ಸೊಸೆ ನನಗೆ ದಾರಿ ತೋರಿಸಿದಳು.

ಹುಡುಕುವುದು ಆಮೆಯನ್ನಲ್ಲ, ಅದರ ಜಾಡನ್ನು. ನೀರಿನಿಂದ ಮೇಲೇರಿ ಬಂದ ಹೆಣ್ಣಾಮೆ ಮರಳಿನ ಮೇಲೆ ಟ್ರಾಕ್ಟರ್ ಚಕ್ರದ ಗುರುತಿನಂಥ ಸಾಲನ್ನು ಬಿಟ್ಟುಹೋಗಿರುತ್ತದೆ. ಬಂದ ಸಾಲು ಒಂದು, ಮರಳಿದ ಸಾಲು ಇನ್ನೊಂದು. ಇವೆರಡೂ ಕೂಡುವಲ್ಲಿ ಮರಳು ಕದಡಿರುತ್ತದೆ. ಅಲ್ಲಿ ಅನುಭವಿಗಳು ತೆಳ್ಳಗಿನ ಕೋಲನ್ನು ಮೆಲ್ಲನೆ ಚುಚ್ಚಿ ನೋಡುತ್ತಾರೆ. ಕೋಲು ಗಟ್ಟಿ ಮರಳಿನಲ್ಲಿ ತಡೆದು ನಿಂತರೆ ಗೂಡಲ್ಲ. ಒಂದು ಜಾಗದಲ್ಲಿ ಸಡಿಲವಾಗಿ ಇಳಿದರೆ ಅದೇ ಗೂಡಿನ ಕುತ್ತಿಗೆ. ಮುಂದಿನದೆಲ್ಲ ಕೈಯಲ್ಲೇ ತೋಡುವ ಕೆಲಸ. ಮೊಣಕೈ ಮುಳುಗುವಷ್ಟು ಆಳದಲ್ಲಿ, ತಳ ಅಗಲವಾಗಿ ಬಾಯಿ ಕಿರಿದಾದ ಹೂಜಿಯಂಥ ಗುಂಡಿಯಲ್ಲಿ, ಟೇಬಲ್ ಟೆನ್ನಿಸ್ ಚೆಂಡಿನ ಹಾಗಿರುವ ನೂರು ನೂರಿಪ್ಪತ್ತು ಬಿಳಿ ಮೊಟ್ಟೆಗಳು. ಅವುಗಳನ್ನು ಎಣಿಸಿ, ಬಟ್ಟೆಯ ಚೀಲದಲ್ಲಿಟ್ಟು, ಹ್ಯಾಚರಿಗೆ ಒಯ್ಯುತ್ತಾರೆ. ಹ್ಯಾಚರಿ ಎಂದರೆ ದೊಡ್ಡ ಕಟ್ಟಡವೇನಲ್ಲ. ಬೀಚಿನಲ್ಲೇ ಬೇಲಿ ಕಟ್ಟಿದ ಒಂದಿಷ್ಟು ಮರಳು. ಅದರಲ್ಲಿ ಆಮೆ ತೋಡಿದ ಅಳತೆಯಲ್ಲೇ ಗುಂಡಿ ತೋಡಿ ಮೊಟ್ಟೆಗಳನ್ನಿಟ್ಟು ಮುಚ್ಚುತ್ತಾರೆ. ಮೇಲೊಂದು ಬುಟ್ಟಿ ಕವುಚಿ, ದಿನಾಂಕ ಬರೆದ ಚೀಟಿ ನೆಡುತ್ತಾರೆ. ನಲವತ್ತೈದರಿಂದ ಐವತ್ತೈದು ದಿನಗಳಲ್ಲಿ ಮರಿಗಳು ಹೊರಬರುತ್ತವೆ.

ಮೊಟ್ಟೆಗಳನ್ನು ಇದ್ದಲ್ಲೇ ಯಾಕೆ ಬಿಡಬಾರದು? ನಾನೂ ಕೇಳಿದೆ. ಬೀದಿ ನಾಯಿಗಳು ಒಂದು ಕಾರಣ. ಇನ್ನೊಂದು, ದೀಪ. ಗೂಡಿನಿಂದ ಹೊರಬಂದ ಮರಿ ಕತ್ತಲಲ್ಲಿ ಎಲ್ಲಿ ಬೆಳಕಿದೆಯೋ ಅತ್ತ ಓಡುತ್ತದೆ. ಮನುಷ್ಯನ ದೀಪಗಳು ಇಲ್ಲದ ಕಾಲದಲ್ಲಿ ನಕ್ಷತ್ರದ ಬೆಳಕಿನಲ್ಲಿ ಮಿನುಗುವ ಕಡಲೇ ಬೆಳಗಾಗಿರುತ್ತಿತ್ತು. ಆದ್ದರಿಂದ ಅದು ಕಡಲಿಗೆ ತಲುಪುತ್ತಿತ್ತು. ಈಗ ಚೆನ್ನೈಯಲ್ಲಿ ಕಡಲಿನ ಬೆನ್ನಿಗೆ ಬೀದಿ ದೀಪಗಳ ಸಾಲಿದೆ. ಮರಿಗಳು ಅತ್ತ ಹೋಗುತ್ತವೆ, ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಅಥವಾ ಬೆಳಗಿನ ಬಿಸಿಲಿಗೆ ಒಣಗಿ ಸಾಯುತ್ತವೆ.

ಆ ರಾತ್ರಿ ನಮಗೆ ಗೂಡು ಸಿಗಲಿಲ್ಲ. ಜಾಡೂ ಇಲ್ಲ. ಸಿಕ್ಕಿದ್ದು ಒಂದು ಸತ್ತ ಆಮೆ ಮಾತ್ರ. ಕೊಟ್ಟಿವಾಕ್ಕಂ ಬಳಿ ಅಲೆಗಳ ಅಂಚಿನಲ್ಲಿ ಬಿದ್ದಿತ್ತು. ಕುತ್ತಿಗೆ ಊದಿ ಕಣ್ಣು ಹೊರಬಂದಿತ್ತು. ಮಕ್ಕಳಿಬ್ಬರು ತಾಯಿಯ ಸೆರಗಿಗೆ ಮುಖ ಮುಚ್ಚಿಕೊಂಡರು. ಮುಂದಾಳು ಹುಡುಗ ಟೇಪು ತೆಗೆದು ಚಿಪ್ಪಿನ ಉದ್ದ ಅಗಲ ಅಳೆದ, ಗಂಡೋ ಹೆಣ್ಣೋ ಎಂದು ಬಾಲ ನೋಡಿದ, ಪುಸ್ತಕದಲ್ಲಿ ಬರೆದುಕೊಂಡ. ಮತ್ತೊಮ್ಮೆ ಎಣಿಕೆಗೆ ಸಿಗದಂತೆ ಚಿಪ್ಪಿಗೊಂದು ಗುರುತು ಹಾಕಿದ. ಸೊಸೆ ಅವನಿಗೆ ಟೇಪಿನ ಇನ್ನೊಂದು ತುದಿ ಹಿಡಿದಿದ್ದಳು. ಮನೆಯಲ್ಲಿ ಮೀನು ಕ್ಲೀನ್ ಮಾಡಲು ಹೇಳಿದರೆ ಮೂಗು ಮುಚ್ಚುತ್ತಿದ್ದ ಹುಡುಗಿ.

ಬೆಸೆಂಟ್ ನಗರ ತಲುಪುವಾಗ ನಾಲ್ಕೂವರೆ. ಅಲ್ಲಿ ಎಲಿಯಟ್ಸ್ ಬೀಚಿನಲ್ಲಿ ಬಿಳಿಯ ಕಮಾನಿನಂಥ ಒಂದು ಸ್ಮಾರಕವಿದೆ. 1930ರಲ್ಲಿ ಮುಳುಗುತ್ತಿದ್ದವರನ್ನು ರಕ್ಷಿಸಲು ಹೋಗಿ ತಾನೇ ಪ್ರಾಣ ಕಳಕೊಂಡ ಕಾರ್ಲ್ ಶ್ಮಿಟ್ ಎಂಬ ಡೆನ್ಮಾರ್ಕಿನ ನಾವಿಕನದ್ದು. ಅದರ ಬಳಿ ಕುಳಿತು ಚಹಾ ಕುಡಿಯುವಾಗ ಈ ಕೆಲಸ ಯಾವಾಗ ಶುರುವಾಯಿತೆಂದು ವಿಚಾರಿಸಿದೆ. ಆ ಬಳಿಕ ಊರಿಗೆ ಬಂದು ಓದಿ ತಿಳಿದುಕೊಂಡದ್ದೂ ಇದೆ.

ಹಾವಿನ ಪಾರ್ಕಿನಿಂದ ಹೊರಟವರು

1970ರ ದಶಕದ ಆರಂಭದಲ್ಲಿ ಮದ್ರಾಸಿನ ಹಾವಿನ ಪಾರ್ಕಿನ ಸ್ಥಾಪಕ ರೋಮುಲಸ್ ವಿಟೇಕರ್ ಮತ್ತು ಅವರ ಸಂಗಡಿಗರು ರಾತ್ರಿಯ ಈ ನಡಿಗೆಯನ್ನು ಪ್ರಾರಂಭಿಸಿದರು. ಮದ್ರಾಸಿನ ತೀರಕ್ಕೆ ಕಡಲಾಮೆಗಳು ಬರುತ್ತವೆಂದು ಮೀನುಗಾರರಿಗೆ ಗೊತ್ತಿತ್ತು, ಪೇಟೆಯವರಿಗೆ ಗೊತ್ತಿರಲಿಲ್ಲ. ಹೆಚ್ಚಿನ ಗೂಡುಗಳ ಮೊಟ್ಟೆಗಳನ್ನು ಜನ ತೆಗೆದು ತಿನ್ನುತ್ತಿದ್ದರು, ಮಾರುತ್ತಿದ್ದರು. ನಡೆದವರು ಒಂದಿಷ್ಟು ಮೊಟ್ಟೆಗಳನ್ನು ತಂದು ಮರಿ ಮಾಡಿಸಿ ಕಡಲಿಗೆ ಬಿಟ್ಟರು. ಬಳಿಕ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಆಮೇಲೆ ತಮಿಳುನಾಡು ಅರಣ್ಯ ಇಲಾಖೆ ಈ ಕೆಲಸವನ್ನು ವಹಿಸಿಕೊಂಡವು. ಎಂಬತ್ತರ ದಶಕದ ಕೊನೆಗೆ ಇಲಾಖೆಯ ಹ್ಯಾಚರಿ ನಿಂತುಹೋಯಿತು.

ಆಗ ಮುಂದೆ ಬಂದವರು ವಿದ್ಯಾರ್ಥಿಗಳು. 1988ರಲ್ಲಿ ಅವರು ‘ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಶನ್ ನೆಟ್‌ವರ್ಕ್’ ಎಂಬ ಉದ್ದನೆಯ ಹೆಸರಿನ ಸಂಘ ಕಟ್ಟಿದರು. ಸಂಬಳವಿಲ್ಲ. ಜನವರಿಯಿಂದ ಏಪ್ರಿಲ್ ತನಕ ಪ್ರತಿ ರಾತ್ರಿಯೂ ಯಾರಾದರೂ ನಡೆಯಲೇಬೇಕು, ಯಾಕೆಂದರೆ ಆಮೆಗೆ ಭಾನುವಾರವೂ ಇಲ್ಲ, ಪರೀಕ್ಷೆಯೂ ಇಲ್ಲ. ಸಾರ್ವಜನಿಕರನ್ನು ಕರೆದೊಯ್ಯುವುದು ಶುಕ್ರವಾರ, ಶನಿವಾರ ರಾತ್ರಿ ಮಾತ್ರ. ವಿದ್ಯಾರ್ಥಿಗಳ ಸಂಘವೆಂದರೆ ಒಂದು ತೊಂದರೆಯಿದೆ. ಮೂರು ವರ್ಷದಲ್ಲಿ ಡಿಗ್ರಿ ಮುಗಿಸಿ ಎಲ್ಲರೂ ಹೊರಟುಹೋಗುತ್ತಾರೆ. ಆದರೂ ಇದು ಮೂರೂವರೆ ದಶಕ ದಾಟಿ ನಿಂತಿದೆ. ವಿ. ಅರುಣ್, ಅಕಿಲಾ ಬಾಲು ಮುಂತಾದ ಕೆಲವರು ವಿದ್ಯಾರ್ಥಿ ವಯಸ್ಸು ಮುಗಿದ ಮೇಲೂ ವರ್ಷಗಟ್ಟಲೆ ಸಂಯೋಜಕರಾಗಿ ನಿಂತದ್ದು ಅದಕ್ಕೆ ಕಾರಣ. ಆರಂಭದ ಆ ವಿದ್ಯಾರ್ಥಿಗಳಲ್ಲಿ ಒಬ್ಬರಾದ ಕಾರ್ತಿಕ್ ಶಂಕರ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಭಾರತದ ಕಡಲಾಮೆಗಳ ರಕ್ಷಣೆಯ ಇತಿಹಾಸವನ್ನು 2015ರಲ್ಲಿ ಪುಸ್ತಕವಾಗಿ ಬರೆದವರೂ ಅವರೇ.

ಬಾಟಲಿಯಲ್ಲಿ ಬಂದ ಪತ್ರ

ಈ ಕತೆಯಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟ ವ್ಯಕ್ತಿ ಬೇರೆ. ಸತೀಶ್ ಭಾಸ್ಕರ್. ಕೇರಳ ಮೂಲದವರು. ಮದ್ರಾಸಿನ ಐಐಟಿಯಲ್ಲಿ ಇಂಜಿನಿಯರಿಂಗ್ ಓದಲು ಬಂದು, ಪಾಠಕ್ಕಿಂತ ಹೆಚ್ಚು ಹೊತ್ತು ಕಡಲಲ್ಲಿ ಈಜುತ್ತಾ, ಕೊನೆಗೆ ಡಿಗ್ರಿ ಮುಗಿಸದೆಯೇ ಬಿಟ್ಟವರು. ನಮ್ಮ ಯಾವುದೇ ಮನೆಯಲ್ಲಿ ಇಂಥ ಮಗನಿದ್ದರೆ ತಂದೆತಾಯಿ ಏನು ಹೇಳುತ್ತಿದ್ದರೆಂದು ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ವಿಟೇಕರ್ ಅವರ ಪರಿಚಯವಾದ ಬಳಿಕ, ಭಾರತದ ಕರಾವಳಿಯಲ್ಲಿ ಎಲ್ಲೆಲ್ಲಿ ಯಾವ ಆಮೆ ಮೊಟ್ಟೆಯಿಡುತ್ತದೆ ಎಂಬ ಲೆಕ್ಕ ತೆಗೆಯುವ ಕೆಲಸ ಅವರ ಪಾಲಿಗೆ ಬಂತು. ಅದುವರೆಗೆ ಅಂಥ ಲೆಕ್ಕವೇ ಇರಲಿಲ್ಲ. 1977ರಿಂದ ಮುಂದಿನ ಎರಡು ದಶಕಗಳಲ್ಲಿ ಅವರು ಗುಜರಾತಿನ ಕಛ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್ ಎಲ್ಲ ಸೇರಿ ಸುಮಾರು 4,000 ಕಿಲೋಮೀಟರ್ ತೀರವನ್ನು ನಡೆದೇ ನೋಡಿದರು.

ಲಕ್ಷದ್ವೀಪದಲ್ಲಿ ಹಸಿರು ಕಡಲಾಮೆಗಳು ಮೊಟ್ಟೆಯಿಡುವುದು ಮುಖ್ಯವಾಗಿ ಮಳೆಗಾಲದಲ್ಲಿ. ಆದರೆ ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಹೋಗುವುದಿಲ್ಲ. ಹಾಗಾದರೆ ಎಣಿಸುವುದು ಹೇಗೆ? ಭಾಸ್ಕರ್ ಕಂಡುಕೊಂಡ ದಾರಿ ಸರಳ. ಮಳೆಗೆ ಮೊದಲೇ ಹೋಗಿ, ಮಳೆ ಮುಗಿಯುವ ತನಕ ಅಲ್ಲೇ ಇದ್ದುಬಿಡುವುದು. 1982ರಲ್ಲಿ ಅವರು ಸುಹೇಲಿಯ ವಲಿಯಕರ ಎಂಬ ಜನವಸತಿಯಿಲ್ಲದ ದ್ವೀಪದಲ್ಲಿ ಇಳಿದರು. ತೆಂಗಿನ ಮರಗಳು, ಮರಳು, ಸುತ್ತಲೂ ಕಡಲು. ದೋಣಿಯವರು ಮರಳಿದರು. ಸುಮಾರು ಐದು ತಿಂಗಳು ಅವರು ಒಬ್ಬರೇ. ಊರಿನಲ್ಲಿ ಹೆಂಡತಿ ಮತ್ತು ಹಸುಗೂಸು ಮಗಳು.

ಪ್ರತಿ ರಾತ್ರಿ ದ್ವೀಪವನ್ನು ಸುತ್ತಿ ಆಮೆಗಳನ್ನು ಎಣಿಸುವುದು, ಹಗಲು ಬರೆಯುವುದು. ಟಪಾಲು ಇಲ್ಲ, ಫೋನು ಇಲ್ಲ. ಜುಲೈ ತಿಂಗಳಲ್ಲಿ ಒಂದು ದಿನ ಹೆಂಡತಿಗೊಂದು ಪತ್ರ ಬರೆದು, ಬಾಟಲಿಗೆ ಹಾಕಿ, ಭದ್ರವಾಗಿ ಮುಚ್ಚಿ ಕಡಲಿಗೆ ಎಸೆದರು. ಹುಚ್ಚು ಕೆಲಸ ಎನ್ನಿಸುತ್ತದೆ. ಇಪ್ಪತ್ತನಾಲ್ಕು ದಿನಗಳಲ್ಲಿ ಆ ಬಾಟಲಿ ಸುಮಾರು 800 ಕಿಲೋಮೀಟರ್ ತೇಲಿ ಶ್ರೀಲಂಕಾದ ತೀರ ಸೇರಿತು. ಅಲ್ಲಿ ಅದು ಒಬ್ಬ ಮೀನುಗಾರನ ಕೈಗೆ ಸಿಕ್ಕಿತು. ಆತ ಒಳಗಿದ್ದ ಪತ್ರವನ್ನು, ತನ್ನದೂ ಒಂದು ಪತ್ರ ಮತ್ತು ತನ್ನ ಕುಟುಂಬದ ಫೋಟೊ ಸೇರಿಸಿ, ಬರೆದಿದ್ದ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿಕೊಟ್ಟ. ಗಂಡ ಬದುಕಿದ್ದಾರೆಂಬ ಸುದ್ದಿ ಹೀಗೆ ಬೇರೊಂದು ದೇಶದ ಬಡ ಮೀನುಗಾರನ ಮೂಲಕ ಆ ಹೆಂಡತಿಗೆ ತಲುಪಿತು. ಅಂಚೆಚೀಟಿಯ ಖರ್ಚು ಅವನದ್ದೇ. ಈ ಘಟನೆಯಲ್ಲಿ ಎಲ್ಲರೂ ಭಾಸ್ಕರ್‌ರನ್ನು ಹೊಗಳುತ್ತಾರೆ. ನನಗೆ ಆ ಮೀನುಗಾರನೂ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಐದು ತಿಂಗಳು ಕಾದ ಆ ಹೆಣ್ಣೂ ಅಷ್ಟೇ ದೊಡ್ಡವರೆನಿಸುತ್ತಾರೆ.

ಕರೆದೊಯ್ಯಲು ಬರಬೇಕಿದ್ದ ದೋಣಿ ಕಡಲಿನ ಅಬ್ಬರದಿಂದ ಹೇಳಿದ ಹೊತ್ತಿಗೆ ಬರಲಿಲ್ಲ. ತಂದ ಸಾಮಾನು ಮುಗಿದು, ಕೊನೆಯ ದಿನಗಳನ್ನು ಅವರು ತೆಂಗಿನಕಾಯಿ, ಕಡಲ ಚಿಪ್ಪುಗಳಂಥವುಗಳಲ್ಲಿ ದೂಡಿದರು.

ಆಮೇಲೆ ಅವರು ಇಂಡೋನೇಷ್ಯಾದ ಪಪುವಾ ತೀರಕ್ಕೂ ಹೋಗಿ ನೂರಾರು ಲೆದರ್‌ಬ್ಯಾಕ್ ಆಮೆಗಳಿಗೆ ಗುರುತಿನ ಬಿಲ್ಲೆ ಹಾಕಿ ಬಂದರು. ಲೆದರ್‌ಬ್ಯಾಕ್ ಎಂದರೆ ಕಡಲಾಮೆಗಳಲ್ಲೇ ದೈತ್ಯ. ಭಾರತದಲ್ಲಿ ಅದು ಮೊಟ್ಟೆಯಿಡುವ ಮುಖ್ಯ ತಾಣಗಳಲ್ಲೊಂದಾದ ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿಯ ಮಹತ್ವ ಹೊರಜಗತ್ತಿಗೆ ತಿಳಿದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ ಆರಂಭವಾದ ಅವರ ಸಮೀಕ್ಷೆಗಳಿಂದ. 2010ರಲ್ಲಿ ಗೋವಾದಲ್ಲಿ ನಡೆದ ಅಂತಾರಾಷ್ಟ್ರೀಯ ಕಡಲಾಮೆ ಸಮ್ಮೇಳನದಲ್ಲಿ ಅವರನ್ನು ಗೌರವಿಸಲಾಯಿತು. ಅಷ್ಟು ಬಿಟ್ಟರೆ ಅವರ ಹೆಸರು ಹೆಚ್ಚು ಮಂದಿಗೆ ಗೊತ್ತಾಗಲಿಲ್ಲ. ಅವರು 2023ರಲ್ಲಿ ತೀರಿಕೊಂಡರು. ಆ ಗಲಾಥಿಯಾ ಕೊಲ್ಲಿಯಲ್ಲಿ ಬೃಹತ್ ಬಂದರು ಕಟ್ಟುವ ಸಲುವಾಗಿ 2021ರಲ್ಲಿ ಅಲ್ಲಿನ ಅಭಯಾರಣ್ಯದ ಸ್ಥಾನಮಾನವನ್ನು ತೆಗೆಯಲಾಯಿತು, 2022ರಲ್ಲಿ ಯೋಜನೆಗೆ ಪರಿಸರ ಅನುಮತಿಯೂ ಸಿಕ್ಕಿತು. ವಾದ ವಿವಾದಗಳಲ್ಲಿ ಎರಡೂ ಕಡೆಯವರು ಆಮೆಗಳ ಸಂಖ್ಯೆಯ ಬಗ್ಗೆ ಮಾತಾಡುತ್ತಾರೆ. ಮೊದಲು ಎಣಿಸಿದವನ ಕಾಲಿನ ನೋವು ಆ ಕಡತಗಳಲ್ಲಿಲ್ಲ.

ದ್ವೀಪದವರ ತಕರಾರು

ಲಕ್ಷದ್ವೀಪವೆಂದರೆ ನಮಗೆ ಹೊರಗಿನದ್ದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮುಂತಾದ ಅಮಿನದೀವಿ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು. ಕೊಬ್ಬರಿ, ಹುರಿಹಗ್ಗ ಹೇರಿಕೊಂಡು ಓಡಗಳು ಮಂಗಳೂರಿನ ಬಂದರಿಗೆ ಬರುತ್ತಿದ್ದ ಕಾಲವನ್ನು ನಮ್ಮ ಹಿರಿಯರು ನೆನೆಸಿಕೊಳ್ಳುತ್ತಾರೆ.

ದ್ವೀಪದ ಮುಸ್ಲಿಮರು ಸಾಮಾನ್ಯವಾಗಿ ಆಮೆಯ ಮಾಂಸ ತಿನ್ನುವವರಲ್ಲ. ಆದರೆ ಅದರ ಕೊಬ್ಬಿನಿಂದ ತೆಗೆದ ಎಣ್ಣೆಯನ್ನು ದೋಣಿಯ ಹಲಗೆಗಳಿಗೆ ಬಳಿಯುತ್ತಿದ್ದರು. ವನ್ಯಜೀವಿ ಕಾನೂನಿನಡಿ ಕಡಲಾಮೆಗಳಿಗೆ ಪೂರ್ತಿ ರಕ್ಷಣೆ ಬಂದ ಮೇಲೆ ಅದು ನಿಂತಿತು. ಆಮೆಗಳು ಹೆಚ್ಚಿದವು. ಇದು ಸಂತೋಷದ ಸುದ್ದಿಯಾಗಿಯೇ ಮುಗಿಯಬೇಕಿತ್ತು. ಆದರೆ ಅಗತ್ತಿ ದ್ವೀಪದಲ್ಲಿ ಬೇರೆಯೇ ಆಯಿತು. 2000ದ ದಶಕದಲ್ಲಿ ಅಲ್ಲಿನ ಲಗೂನಿನಲ್ಲಿ ಹಸಿರು ಆಮೆಗಳು ಎಷ್ಟು ತುಂಬಿದವೆಂದರೆ, ಅವುಗಳ ಮೇವಾದ ಕಡಲ ಹುಲ್ಲು ಬೋಳಾಯಿತು. ಆ ಹುಲ್ಲಿನ ನಡುವೆ ಬೆಳೆಯುತ್ತಿದ್ದ ಮೀನುಗಳು ಕಡಿಮೆಯಾದವು. “ಆಮೆಯಿಂದ ನಮ್ಮ ಅನ್ನ ಹೋಯಿತು” ಎಂಬುದು ಅಲ್ಲಿನ ಮೀನುಗಾರರ ಅಳಲು. ಸಂಶೋಧಕರು ಹೋಗಿ ಅಳೆದು ನೋಡಿದಾಗ ಅವರ ದೂರಿನಲ್ಲಿ ಹುರುಳಿದೆಯೆಂದು ಕಂಡುಬಂತು. ಹುಲ್ಲು ಮುಗಿದ ಮೇಲೆ ಆಮೆಗಳು ಬೇರೆ ದ್ವೀಪಗಳ ಲಗೂನಿಗೆ ಸರಿದವು.

ಪರಿಸರದ ಲೇಖನಗಳಲ್ಲಿ ಇಂಥ ಸಂಗತಿ ಸಾಮಾನ್ಯವಾಗಿ ಬರುವುದಿಲ್ಲ. ಪೇಟೆಯಲ್ಲಿ ಕುಳಿತವರಿಗೆ ಆಮೆಯನ್ನು ಪ್ರೀತಿಸಲು ಖರ್ಚಿಲ್ಲ, ಬಲೆ ಹಾಕುವವನಿಗೆ ಖರ್ಚಿದೆ. ಇದನ್ನು ಒಪ್ಪಿಕೊಂಡ ಕೆಲವು ಸಂಸ್ಥೆಗಳು ಈಗ ದ್ವೀಪದ ಮೀನುಗಾರರ ಕೈಗೇ ಪುಸ್ತಕ ಕೊಟ್ಟು, ದಿನದ ಸೂರೆ ಮೀನಿನ ಲೆಕ್ಕ ಬರೆಸುತ್ತಿವೆ. ಎಣಿಸುವವನು ಹೊರಗಿನಿಂದ ಬಂದ ವಿಜ್ಞಾನಿಯೇ ಆಗಬೇಕೆಂದಿಲ್ಲವಲ್ಲ.

ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಪಯ್ಯೋಳಿ ಸಮೀಪದ ಕೊಳಾವಿಪಾಲಂನಲ್ಲಿ ಹೀಗೇ ಆಯಿತು. ಅಲ್ಲಿನ ಮೀನುಗಾರ ಯುವಕರು ಸಣ್ಣಂದಿನಿಂದ ಆಮೆಯ ಮೊಟ್ಟೆ ತಿಂದೇ ಬೆಳೆದವರು. 1992ರಲ್ಲಿ ಪತ್ರಿಕೆಯೊಂದರಲ್ಲಿ ಕಡಲಾಮೆಗಳು ಅಳಿವಿನಂಚಿನಲ್ಲಿವೆ ಎಂಬ ಲೇಖನ ಓದಿದ ಬಳಿಕ ಅವರು ‘ತೀರಂ’ ಎಂಬ ಸಂಘ ಕಟ್ಟಿ, ತಾವೇ ಮೊಟ್ಟೆಗಳಿಗೆ ಕಾವಲು ನಿಂತರು. ಹಗಲು ಕಡಲಿಗೆ ಹೋಗುವವರು ರಾತ್ರಿ ತೀರದಲ್ಲಿ ಎಚ್ಚರವಿದ್ದರು. ಕೆಲವು ವರ್ಷಗಳ ಬಳಿಕ ಅರಣ್ಯ ಇಲಾಖೆಯೂ ನೆರವಿಗೆ ಬಂತು. ಆದರೆ ಅವರನ್ನು ಸೋಲಿಸಿದ್ದು ಬೇರೆ ಸಂಗತಿ. ಪಕ್ಕದ ಕೋಟ್ಟಪ್ಪುಳ ಅಳಿವೆಯಲ್ಲಿ ಮರಳು ತೆಗೆಯತೊಡಗಿದ್ದರಿಂದ ಕಡಲು ತೀರವನ್ನೇ ಕೊರೆಯಿತು. ಕಲ್ಲಿನ ತಡೆಗೋಡೆ ಎದ್ದಿತು. ವರ್ಷಕ್ಕೆ ಹತ್ತಾರು ಗೂಡುಗಳಾಗುತ್ತಿದ್ದ ಕಡೆ ಅದು ಬೆರಳೆಣಿಕೆಗೆ ಇಳಿಯಿತು. ಮರಳಿಲ್ಲದಿದ್ದರೆ ಆಮೆ ಎಲ್ಲಿ ತೋಡಬೇಕು? ಯುವಕರು ಮರಳುಗಾರಿಕೆಯ ವಿರುದ್ಧ ಹೋರಾಡಿದರು.

ಪುಸ್ತಕದ ಇನ್ನೊಂದು ಪುಟ

ಚೆನ್ನೈಯ ಸ್ವಯಂಸೇವಕರ ಪುಸ್ತಕದಲ್ಲಿ ಎರಡು ಲೆಕ್ಕಗಳಿವೆ. ಒಂದು ಗೂಡಿನದು, ಇನ್ನೊಂದು ಹೆಣದ್ದು. 2025ರ ಜನವರಿಯಲ್ಲಿ ಈ ಎರಡನೆಯ ಪುಟ ತುಂಬಿ ಹರಿಯಿತು. ಚೆನ್ನೈ ಮತ್ತು ಸುತ್ತಲಿನ ತೀರಗಳಲ್ಲಿ ಕೆಲವೇ ವಾರಗಳಲ್ಲಿ ಸಾವಿರಕ್ಕೂ ಹೆಚ್ಚು ಆಲಿವ್ ರಿಡ್ಲಿ ಆಮೆಗಳು ಸತ್ತು ಬಂದು ಬಿದ್ದವು. ರಾತ್ರಿ ಜಾಡು ಹುಡುಕಲು ಹೋದವರು ಹೆಣಗಳನ್ನು ಎಣಿಸುತ್ತಾ ನಡೆದರು.

ಆಮೆ ಮೀನಲ್ಲ. ಅದಕ್ಕೆ ಶ್ವಾಸಕೋಶವಿದೆ, ಆಗಾಗ ಮೇಲೆ ಬಂದು ಉಸಿರೆಳೆದುಕೊಳ್ಳಬೇಕು. ಟ್ರಾಲರ್ ಬೋಟುಗಳು ಗಂಟೆಗಟ್ಟಲೆ ಎಳೆಯುವ ಬಲೆಯಲ್ಲಿ ಸಿಕ್ಕಿದರೆ ಅದು ಮುಳುಗಿ ಸಾಯುತ್ತದೆ, ನಮ್ಮ ಹಾಗೆಯೇ. ಆಮೆಗಳು ಮೊಟ್ಟೆಯಿಡಲು ತೀರದ ಸಮೀಪ ಸೇರುವ ತಿಂಗಳುಗಳಲ್ಲೇ ಬೋಟುಗಳೂ ತೀರದ ಸಮೀಪಕ್ಕೆ ಬರುತ್ತವೆ. ತಮಿಳುನಾಡಿನಲ್ಲಿ ಐದು ನಾಟಿಕಲ್ ಮೈಲಿನೊಳಗೆ ಯಾಂತ್ರೀಕೃತ ಬೋಟುಗಳು ಮೀನು ಹಿಡಿಯಬಾರದೆಂಬ ಕಾನೂನಿದೆ. ಪಾಲನೆ ಅಷ್ಟಕ್ಕಷ್ಟೇ. ಬಲೆಯೊಳಗೆ ಸಿಕ್ಕಿದ ಆಮೆ ಹೊರಹೋಗಲು ದಾರಿ ಮಾಡಿಕೊಡುವ ಕಂಬಿಯ ಚೌಕಟ್ಟೊಂದಿದೆ. ಟಿಇಡಿ ಎಂದು ಅದರ ಹೆಸರು. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟುಗಳಿಗೆ ಹೊಂದುವ ಮಾದರಿಯನ್ನೂ ತಯಾರಿಸಿದೆ. ಅದನ್ನು ಹಾಕಿದರೆ ಮೀನೂ ಸೀಗಡಿಯೂ ಒಂದಿಷ್ಟು ತಪ್ಪಿಹೋಗುತ್ತವೆಂದು ಬೋಟಿನವರು ಹಾಕುವುದಿಲ್ಲ. ಇದೇ ಕಾರಣಕ್ಕೆ ಅಮೆರಿಕವು 2019ರಲ್ಲಿ ಭಾರತದ ಕಡಲಿನಲ್ಲಿ ಹಿಡಿದ ಸೀಗಡಿಯ ಆಮದನ್ನು ನಿಲ್ಲಿಸಿತು. ಆ ನಷ್ಟ ಬಂದದ್ದೂ ಮೀನುಗಾರನಿಗೇ.

2025ರ ಸಾವುಗಳ ಸುದ್ದಿ ಪತ್ರಿಕೆಗಳಲ್ಲಿ ಬಂದ ಬಳಿಕ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಷಯವನ್ನು ಕೈಗೆತ್ತಿಕೊಂಡಿತು. ಅಧಿಕಾರಿಗಳಿಂದ ವಿವರಣೆ ಕೇಳಲಾಯಿತು. ಇದರಲ್ಲಿ ಸ್ವಯಂಸೇವಕರ ಪಾತ್ರವೇನು ಎಂದರೆ, ಪ್ರತಿ ವರ್ಷ ಎಷ್ಟು ಸಾಯುತ್ತಿದ್ದವು ಎಂಬ ಹಳೆಯ ಲೆಕ್ಕ ಇದ್ದುದರಿಂದಲೇ ಈ ವರ್ಷ ಸಂಗತಿ ಕೈಮೀರಿದೆಯೆಂದು ಹೇಳಲು ಸಾಧ್ಯವಾಯಿತು.

ನೂರು ಮೊಟ್ಟೆ ಉಳಿಸಿದರೇನು, ಒಂದು ತಾಯಿ ಬಲೆಯಲ್ಲಿ ಸತ್ತರೆ? ಸಾವಿರ ಮರಿಗಳಲ್ಲಿ ದೊಡ್ಡದಾಗಿ ಬೆಳೆಯುವುದು ಒಂದೆರಡು ಎಂದು ಹೇಳುತ್ತಾರೆ. ಹಾಗೆ ಬೆಳೆದು ಹತ್ತು ಹದಿನೈದು ವರ್ಷ ದಾಟಿ ಮೊಟ್ಟೆಯಿಡಲು ಬಂದ ತಾಯಿ ಒಂದು ಸತ್ತರೆ, ಹ್ಯಾಚರಿಯ ಎಷ್ಟು ಗೂಡುಗಳು ಅದಕ್ಕೆ ಸಮವಾದಾವು? ಮರಳಿನ ಬಿಸಿಯನ್ನು ಅವಲಂಬಿಸಿ ಮರಿ ಗಂಡೋ ಹೆಣ್ಣೋ ಎಂದು ನಿರ್ಧಾರವಾಗುತ್ತದೆ, ಬಿಸಿ ಹೆಚ್ಚಿದರೆ ಎಲ್ಲವೂ ಹೆಣ್ಣಾಗುತ್ತವೆ. ಮೊಟ್ಟೆಗಳನ್ನು ಒಂದೇ ಜಾಗದಲ್ಲಿ ಹೂಳುವ ಹ್ಯಾಚರಿಯ ಬಗ್ಗೆ ವಿಜ್ಞಾನಿಗಳಲ್ಲೇ ಈ ಆತಂಕವಿದೆ. ನಡೆಯುವವರಿಗೂ ಇದೆಲ್ಲ ಗೊತ್ತು. ಆದರೂ ನಡೆಯುತ್ತಾರೆ. ಚಹಾ ಕುಡಿಯುತ್ತಾ ಸೊಸೆಯನ್ನು ಕೇಳಿದೆ, “ಇದರಿಂದ ಆಮೆ ಉಳಿಯುತ್ತದೆಯಾ?” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಿಲ್ಲ ಮಾಮಾ. ಆದರೆ ನಾವು ನಡೆಯದಿದ್ದರೆ ಎಷ್ಟು ಸತ್ತವೆಂದೂ ಯಾರಿಗೂ ಗೊತ್ತಾಗುವುದಿಲ್ಲ” ಎಂದಳು.

ನಮ್ಮ ತೀರ

ಕರ್ನಾಟಕದ ತೀರಕ್ಕೂ ಆಲಿವ್ ರಿಡ್ಲಿ ಬರುತ್ತದೆ. ಒಡಿಶಾದಲ್ಲಿ ಲಕ್ಷಗಟ್ಟಲೆ ಒಟ್ಟಿಗೆ ಬರುವಂತೆ ಅಲ್ಲ, ಒಂದೊಂದಾಗಿ, ಯಾರಿಗೂ ತಿಳಿಯದಂತೆ. ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡು ಟೊಂಕ, ಕುಂದಾಪುರದ ಕೋಡಿ ಮುಂತಾದೆಡೆ ಅರಣ್ಯ ಇಲಾಖೆಯ ಜೊತೆ ಊರಿನ ಯುವಕರು, ಮೀನುಗಾರರು ಸೇರಿ ಗೂಡುಗಳಿಗೆ ಬಲೆಯ ಬೇಲಿ ಕಟ್ಟಿ ಕಾಯುತ್ತಾರೆ. ಟೊಂಕದಲ್ಲಿ ಬಂದರು ಯೋಜನೆಯ ವಿವಾದ ಎದ್ದಾಗ, ತಮ್ಮ ಮನೆಗಳ ಜೊತೆ ಈ ಗೂಡುಗಳ ಮಾತನ್ನೂ ಎತ್ತಿದವರು ಅಲ್ಲಿನ ಮೀನುಗಾರರೇ. ಮಂಗಳೂರಿನ ಸಮೀಪದ ಸಸಿಹಿತ್ಲುವಿನಲ್ಲಿ 2024ರ ಆರಂಭದಲ್ಲಿ ಗೂಡುಗಳು ಕಂಡಾಗ ಅದು ದೊಡ್ಡ ಸುದ್ದಿಯಾಯಿತು. ಅದಕ್ಕೆ ಮೊದಲು ಬಂದೇ ಇರಲಿಲ್ಲವೋ, ಬಂದದ್ದನ್ನು ನೋಡುವವರಿರಲಿಲ್ಲವೋ ಹೇಳುವುದು ಕಷ್ಟ. ಇಂಥ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಪ್ರತಿ ವರ್ಷ ಯಾರಾದರೂ ನಡೆದಿರಬೇಕು.

ತೀರದಲ್ಲಿ ಗೂಡು ಅಥವಾ ಜಾಡು ಕಂಡರೆ ಓದುಗರು ಮಾಡಬೇಕಾದದ್ದು ಇಷ್ಟೇ: ತೋಡಬೇಡಿ, ಮೊಟ್ಟೆಗಳನ್ನು ಕೈಯಲ್ಲಿ ತಿರುಗಿಸಬೇಡಿ, ಯಾಕೆಂದರೆ ಇಟ್ಟು ಕೆಲವು ಗಂಟೆಗಳಾದ ಮೇಲೆ ಮಗುಚಿದರೆ ಒಳಗಿನ ಜೀವ ಸಾಯುತ್ತದೆ. ಜಾಗಕ್ಕೊಂದು ಗುರುತು ಇಟ್ಟು ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ. ಮೊಟ್ಟೆ ಮಾರುವುದೂ, ಮನೆಗೊಯ್ಯುವುದೂ ಜೈಲು ಶಿಕ್ಷೆಯಾಗುವ ಅಪರಾಧ.

ಊರಿಗೆ ಬಂದು ತಂಗಿಗೆ ಎಲ್ಲ ಹೇಳಿದೆ. ಹುಡುಗಿಯರು ಗುಂಪಿನಲ್ಲೇ ಇರುತ್ತಾರೆ, ಹಿರಿಯರೂ ಇದ್ದಾರೆ, ಹೆದರಬೇಕಾಗಿಲ್ಲ ಎಂದೆ. ಅವಳಿಗೆ ಅಷ್ಟು ಸಮಾಧಾನವಾಗಲಿಲ್ಲ. ಆಗ ನನಗೆ ಮದ್ರಸಾದಲ್ಲಿ ಕಲಿತ ಒಂದು ಪ್ರಸಂಗ ನೆನಪಾಯಿತು. ಪ್ರಯಾಣದಲ್ಲಿದ್ದಾಗ ಸಂಗಾತಿಗಳಲ್ಲಿ ಕೆಲವರು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡದ್ದು, ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿದ್ದು, ಅದನ್ನು ಕಂಡ ಪ್ರವಾದಿ(ಸ)ಯವರು ಇದಕ್ಕೆ ನೋವು ಕೊಟ್ಟವರು ಯಾರೆಂದು ವಿಚಾರಿಸಿ ಮರಿಗಳನ್ನು ತಾಯಿಗೆ ಮರಳಿಸಲು ಹೇಳಿದ್ದು. ಅದನ್ನು ಹೇಳಿದೆ. ತಂಗಿ ಕೇಳಿಸಿಕೊಂಡಳು. “ಅದು ಸರಿ. ಆದರೆ ಆ ಹಕ್ಕಿ ಹಗಲು ಬಂದಿತ್ತಲ್ಲ” ಎಂದಳು.

ಮಾರ್ಚ್ ಕೊನೆಗೆ ಅವಳೇ ಚೆನ್ನೈಗೆ ಹೋದಳು. ಹ್ಯಾಚರಿಯಲ್ಲಿ ಮರಿಗಳು ಹೊರಬರುವ ಕಾಲ ಅದು. ಸಂಜೆ ಬೆಸೆಂಟ್ ನಗರದಲ್ಲಿ ಬುಟ್ಟಿಗಳನ್ನು ತೆಗೆದು, ಹಗ್ಗ ಕಟ್ಟಿದ ದಾರಿಯಲ್ಲಿ ಅಂಗೈಯಗಲದ ಕಪ್ಪು ಮರಿಗಳನ್ನು ಅಲೆಯತ್ತ ಬಿಟ್ಟರಂತೆ. ಸೇರಿದ ಜನರಲ್ಲಿ ಮಕ್ಕಳೇ ಹೆಚ್ಚು. ಮರಿಯೊಂದು ಮೂರು ಸಲ ಅಲೆಗೆ ಸಿಕ್ಕಿ ಹಿಂದಕ್ಕೆ ಬಿತ್ತಂತೆ. “ಕೈ ಹಾಕಬೇಡಿ ಅಂದರು, ಅದಕ್ಕೆ ಹಾಕಲಿಲ್ಲ” ಎಂದಳು ಫೋನಿನಲ್ಲಿ. ನಾಲ್ಕನೆಯ ಅಲೆ ಅದನ್ನು ಕರೆದುಕೊಂಡು ಹೋಯಿತು.